ಕಾಂಗ್ ಮೈಮೇಲಿನ ಬೆರಳ ಗುರುತು

ನಾನು ಬಿಇ ಮೆಕ್ಯಾನಿಕಲ್, ಆರನೇ ಸೆಮಿಸ್ಟರ್. ಕಳೆದ ತಿಂಗಳು ಹಾಸ್ಟೆಲಿನ ನಮ್ಮ ಇಡೀ ಸಾಲು ಆಪ್ಟಿಟ್ಯೂಡ್ ಪುಸ್ತಕ ಹಿಡಿದು ಕೂತಿದ್ದಾಗ ನಾನೂ ನನ್ನ ರೂಮ್‌ಮೇಟೂ ಬೈಂಡಿಂಗ್ ವೈರು, ಎಂ-ಸೀಲು ಮತ್ತು ಅಮ್ಮನ ಹಳೇ ಸ್ವೆಟರಿನ ಉಣ್ಣೆ ಹಾಕಿ ಗೊರಿಲ್ಲಾ ಮಾಡುತ್ತಿದ್ದೆವು. 1933ರ ‘ಕಿಂಗ್ ಕಾಂಗ್’ ಸಿನಿಮಾದ ಕೊನೆಯ ದೃಶ್ಯವನ್ನು ನಮ್ಮ ಟೇಬಲ್ ಮೇಲೆ ಮತ್ತೆ ತೆಗೆಯಬೇಕು ಅನ್ನುವ ಹುಚ್ಚು. ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಒಂದರ ಮೇಲೊಂದು ಶೂ ಡಬ್ಬಿ. ಒಂದು ಫೋಟೊ, ಗೊಂಬೆಯ ಕೈಯನ್ನು ಒಂಚೂರು ಸರಿಸುವುದು, ಇನ್ನೊಂದು ಫೋಟೊ. ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ ಸಿಕ್ಕಿದ್ದು 132 ಫೋಟೊ. ಸೆಕೆಂಡಿಗೆ 12ರಂತೆ ಓಡಿಸಿದರೆ ಬರೀ 11 ಸೆಕೆಂಡಿನ ಸಿನಿಮಾ!

ಮೊಬೈಲು, ಆ್ಯಪು ಇದ್ದೂ ನಮಗೆ ಸೊಂಟ ಬಿದ್ದುಹೋಯಿತು. ಏನೂ ಇಲ್ಲದ ಕಾಲದಲ್ಲಿ ಇದನ್ನು ಮಾಡಿದ ಪುಣ್ಯಾತ್ಮ ಯಾರು ಅಂತ ಹುಡುಕಿದಾಗ ಸಿಕ್ಕವನು ವಿಲಿಸ್ ಒಬ್ರಯನ್. ಸಿನಿಮಾ ಚರಿತ್ರೆ ಓದಿದವರಿಗೆಲ್ಲ ಗೊತ್ತಿರುವ ಹೆಸರು. ಕಾಂಗ್ ಚಿತ್ರವಿರುವ ಟೀಶರ್ಟ್ ಹಾಕಿಕೊಂಡು ಓಡಾಡುವ ನಮ್ಮ ಗುಂಪಿನಲ್ಲಿ ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ.

ಒಬ್ರಯನ್ ಹುಟ್ಟಿದ್ದು 1886ರ ಮಾರ್ಚ್ 2ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ. ಹನ್ನೊಂದನೇ ವಯಸ್ಸಿಗೇ ಮನೆ ಬಿಟ್ಟ. ದನ ಕಾಯುವ ರ‍್ಯಾಂಚಿನಲ್ಲಿ ದುಡಿದ, ಬಾರಿನಲ್ಲಿ ಗ್ಲಾಸು ತುಂಬಿಸಿದ, ಪಳೆಯುಳಿಕೆ ಹುಡುಕುವ ವಿಜ್ಞಾನಿಗಳಿಗೆ ಕಾಡಿನಲ್ಲಿ ದಾರಿ ತೋರಿಸಿದ, ರೈಲ್ವೆಯಲ್ಲಿದ್ದ, ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆ ಬರೆದ, ಪತ್ರಿಕೆಗೆ ಕ್ರೀಡಾ ವ್ಯಂಗ್ಯಚಿತ್ರ ಬರೆದ, ಅಮೃತಶಿಲೆ ಕೆತ್ತಿದ, ಬಾಕ್ಸಿಂಗ್ ರಿಂಗಿಗೂ ಇಳಿದ. ನಮ್ಮ ಪ್ಲೇಸ್‌ಮೆಂಟ್ ಸಂದರ್ಶನಕ್ಕೆ ಇಂಥ ರೆಸ್ಯೂಮೆ ತಂದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಆದರೆ ಇವುಗಳಲ್ಲಿ ಒಂದೂ ದಂಡವಾಗಲಿಲ್ಲ. ‘ಕಿಂಗ್ ಕಾಂಗ್’ನಲ್ಲಿ ಗೊರಿಲ್ಲಾ ಮತ್ತು ಡೈನೊಸಾರ್ ಕುಸ್ತಿಯನ್ನು ನಿಧಾನವಾಗಿ ಓಡಿಸಿ ನೋಡಿ. ಕಾಂಗ್ ಹೆಜ್ಜೆ ಬದಲಿಸುವ ರೀತಿ, ಮುಷ್ಟಿ ಎತ್ತುವ ರೀತಿ ರಿಂಗ್ ಕಂಡವನದ್ದೇ.

ಬಿಡುವಿನಲ್ಲಿ ಮಣ್ಣಿನಿಂದ ಪುಟ್ಟ ಬಾಕ್ಸರ್‌ಗಳನ್ನು ಮಾಡುವಾಗ ಅವನಿಗೆ ಹೊಳೆದದ್ದು ಇವನ್ನು ಕ್ಯಾಮೆರಾದ ಮುಂದೆ ಕುಣಿಸಬಹುದಲ್ಲ ಅಂತ. 1915ರಲ್ಲಿ ಡೈನೊಸಾರ್ ಮತ್ತು ಆದಿಮಾನವರ ಒಂದು ಪುಟ್ಟ ಹಾಸ್ಯಚಿತ್ರ ಮಾಡಿದ. ಥಾಮಸ್ ಎಡಿಸನ್ನನ ಕಂಪನಿ ಅದನ್ನು ಕೊಂಡು 1917ರಲ್ಲಿ ಬಿಡುಗಡೆ ಮಾಡಿತು, ಅವನಿಗೆ ಕೆಲಸವನ್ನೂ ಕೊಟ್ಟಿತು. ಮುಂದೆ ‘ದ ಘೋಸ್ಟ್ ಆಫ್ ಸ್ಲಂಬರ್ ಮೌಂಟನ್’ ಎಂಬ ಚಿತ್ರ ಒಳ್ಳೆಯ ದುಡ್ಡು ಮಾಡಿತು. ಆದರೆ ಅದರ ನಿರ್ಮಾಪಕ ಹರ್ಬರ್ಟ್ ಡಾಲಿ ಕೀರ್ತಿಯನ್ನು ತನ್ನದೆಂದುಕೊಂಡ. ಒಬ್ರಯನ್ ಬದುಕಿನಲ್ಲಿ ಇದು ಮೊದಲನೆಯದು, ಕೊನೆಯದಲ್ಲ.

1925ರ ‘ದ ಲಾಸ್ಟ್ ವರ್ಲ್ಡ್’ ಅವನನ್ನು ಮೇಲೆತ್ತಿತು. ಷರ್ಲಾಕ್ ಹೋಮ್ಸ್ ಬರೆದ ಆರ್ಥರ್ ಕಾನನ್ ಡಾಯ್ಲ್ ಕಾದಂಬರಿಯ ಸಿನಿಮಾ ಅದು. ಬಿಡುಗಡೆಗೆ ಮೊದಲೇ, 1922ರಲ್ಲಿ, ಡಾಯ್ಲ್ ಅದರ ಪರೀಕ್ಷಾರ್ಥ ತುಣುಕನ್ನು ನ್ಯೂಯಾರ್ಕಿನಲ್ಲಿ ಜಾದೂಗಾರರ ಕೂಟವೊಂದರಲ್ಲಿ ಏನೂ ವಿವರಿಸದೆ ತೋರಿಸಿದರು. ಕಣ್ಕಟ್ಟೇ ಕಸುಬಾಗಿದ್ದವರು ಕಕ್ಕಾಬಿಕ್ಕಿಯಾದರು. ಮಾರನೇ ದಿನ ‘ನ್ಯೂಯಾರ್ಕ್ ಟೈಮ್ಸ್’ ಕೂಡ ಅದನ್ನು ಸುದ್ದಿ ಮಾಡಿತು.

ಇಲ್ಲಿ ಮೆಕ್ಯಾನಿಕಲ್‌ನವರಿಗೆ ಬಾಯಲ್ಲಿ ನೀರೂರುವ ವಿಷಯವಿದೆ. ಮಾರ್ಸೆಲ್ ಡೆಲ್ಗಾಡೊ ಎಂಬ ತರುಣ ಈ ಗೊಂಬೆಗಳನ್ನು ಕಟ್ಟುತ್ತಿದ್ದ. ಒಳಗೆ ಲೋಹದ ಅಸ್ಥಿಪಂಜರ, ಸಂದು ಸಂದಿಗೂ ಬಾಲ್ ಆ್ಯಂಡ್ ಸಾಕೆಟ್ ಕೀಲು, ಮೇಲೆ ರಬ್ಬರ್ ಚರ್ಮ. ಕೆಲವು ಡೈನೊಸಾರ್‌ಗಳ ಹೊಟ್ಟೆಯೊಳಗೆ ಗಾಳಿಚೀಲ ಬೇರೆ. ಅದನ್ನು ಚೂರುಚೂರೇ ಉಬ್ಬಿಸಿ ಇಳಿಸಿದರೆ ಪ್ರಾಣಿ ಉಸಿರಾಡಿದ ಹಾಗೆ! ಕೀಲು ಬಿಗಿಯಿದ್ದರೆ ಅಲುಗುವುದಿಲ್ಲ, ಸಡಿಲವಿದ್ದರೆ ಇಟ್ಟಲ್ಲಿ ನಿಲ್ಲುವುದಿಲ್ಲ. ಎಷ್ಟು ಘರ್ಷಣೆ ಬೇಕು ಅನ್ನುವುದೇ ಅಲ್ಲಿ ವಿದ್ಯೆ. ಇಂಥದ್ದೊಂದು ಅಸ್ಥಿಪಂಜರವನ್ನೇ ಮಿನಿ ಪ್ರಾಜೆಕ್ಟ್ ಮಾಡುತ್ತೇವೆಂದು ಸಿನಾಪ್ಸಿಸ್ ಕೊಟ್ಟಿದ್ದೆವು. ಯಾವ ಇಂಡಸ್ಟ್ರಿಗೆ ಉಪಯೋಗ ಅಂತ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ನಾವು ಸೋಲಾರ್ ಡ್ರೈಯರ್ ಮಾಡುತ್ತಿದ್ದೇವೆ, ನಮ್ಮ ಹಿಂದಿನ ಎರಡು ಬ್ಯಾಚಿನವರ ಹಾಗೆಯೇ.

ಒಬ್ರಯನ್ನನ ಸಿನಾಪ್ಸಿಸ್ ತಿರಸ್ಕಾರವಾದ ಲೆಕ್ಕ ಹಾಕಿದರೆ ನಮ್ಮದೇನೂ ಅಲ್ಲ. ಆರ್‌ಕೆಒ ಸ್ಟುಡಿಯೊದಲ್ಲಿ ‘ಕ್ರಿಯೇಷನ್’ ಎಂಬ ಚಿತ್ರಕ್ಕೆ ಸುಮಾರು ಒಂದು ವರ್ಷ ದುಡಿದಿದ್ದ. ಹೊಸದಾಗಿ ಬಂದ ಮೆರಿಯನ್ ಕೂಪರ್ ಅದನ್ನು ನೋಡಿ, ಕಥೆ ಸಪ್ಪೆ ಎಂದು ನಿಲ್ಲಿಸಿಬಿಟ್ಟರು. ಆದರೆ ತಮ್ಮ ತಲೆಯಲ್ಲಿದ್ದ ದೈತ್ಯ ಗೊರಿಲ್ಲಾದ ಕಥೆಗೆ ಈ ಮನುಷ್ಯನೇ ಬೇಕು ಅನ್ನುವುದು ಅವರಿಗೆ ಗೊತ್ತಾಯಿತು. ಹಾಗೆ ಶುರುವಾದದ್ದು ‘ಕಿಂಗ್ ಕಾಂಗ್’. ಪರದೆ ತುಂಬುವ ಆ ಕಾಂಗ್ ನಿಜದಲ್ಲಿ ಸುಮಾರು 18 ಇಂಚಿನ ಗೊಂಬೆ, ಹೊದಿಸಿದ್ದು ಮೊಲದ ತುಪ್ಪಳ. ಒಂದು ಸೆಕೆಂಡಿಗೆ 24 ಚೌಕಟ್ಟು, ಒಂದು ನಿಮಿಷಕ್ಕೆ 1440. ಪ್ರತಿ ಸಲ ಗೊಂಬೆ ಮುಟ್ಟಿದಾಗಲೂ ಬೆರಳು ತಾಗಿ ತುಪ್ಪಳ ಆಚೀಚೆ ಆಗುತ್ತಿತ್ತು. ಸಿನಿಮಾ ಓಡಿಸಿದರೆ ಕಾಂಗ್ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಅದು ದೋಷವೇ. ನೋಡಿದವರು ಮಾತ್ರ ಸಿಟ್ಟಿಗೆ ಕೂದಲು ನಿಮಿರಿದೆ ಅಂದುಕೊಂಡರು.

ಸಿನಿಮಾ ನ್ಯೂಯಾರ್ಕಿನಲ್ಲಿ ತೆರೆಕಂಡದ್ದು 1933ರ ಮಾರ್ಚ್ 2ರಂದು. ಅವತ್ತು ಅವನಿಗೆ ಭರ್ತಿ 47. ಜನ ಮುಗಿಬಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ, ತರಾತುರಿಯಲ್ಲಿ ‘ಸನ್ ಆಫ್ ಕಾಂಗ್’ ತಯಾರಾಗುತ್ತಿದ್ದಾಗ, ಅವನಿಂದ ದೂರವಾಗಿದ್ದ ಹೆಂಡತಿ ಇಬ್ಬರು ಗಂಡುಮಕ್ಕಳಿಗೂ ಗುಂಡಿಕ್ಕಿ ತಾನೂ ಹಾರಿಸಿಕೊಂಡಳು. ಮಕ್ಕಳು ಉಳಿಯಲಿಲ್ಲ, ಅವಳು ಮರುವರ್ಷ ತೀರಿಕೊಂಡಳು. ಇದನ್ನು ಓದಿದ ದಿನ ನಾವು ಗೊಂಬೆ ಮುಟ್ಟಲಿಲ್ಲ.

ಆಮೇಲೆ ಅವನು ಮತ್ತೆ ಮದುವೆಯಾದ, ಮತ್ತೆ ಕೆಲಸಕ್ಕೆ ಕೂತ. ‘ವಾರ್ ಈಗಲ್ಸ್’ ನಿಂತುಹೋಯಿತು, ‘ಗ್ವಾಂಗಿ’ ನಿಂತುಹೋಯಿತು. ಈ ನಡುವೆ ಒಬ್ಬ ಹುಡುಗ ಸೂಟ್‌ಕೇಸಿನಲ್ಲಿ ತಾನು ಮಾಡಿದ ಡೈನೊಸಾರ್‌ಗಳನ್ನು ತುಂಬಿಕೊಂಡು ಅವನನ್ನು ಹುಡುಕಿ ಬಂದ. ಹದಿಮೂರನೇ ವಯಸ್ಸಿನಲ್ಲಿ ‘ಕಿಂಗ್ ಕಾಂಗ್’ ನೋಡಿ ತಲೆಕೆಟ್ಟವನು, ಹೆಸರು ರೇ ಹ್ಯಾರಿಹೌಸನ್. ಒಬ್ರಯನ್ ಹೊಗಳಿ ಕಳಿಸಲಿಲ್ಲ. ಡೈನೊಸಾರಿನ ಕಾಲುಗಳು ಸುಕ್ಕುಗಟ್ಟಿದ ಸಾಸೇಜಿನಂತಿವೆ, ಮೊದಲು ಅಂಗರಚನೆ ಕಲಿ ಅಂದ. ಹುಡುಗ ಹೋಗಿ ಕಲಿತ. 1949ರ ‘ಮೈಟಿ ಜೋ ಯಂಗ್’ ಚಿತ್ರಕ್ಕೆ ಇಬ್ಬರೂ ಸೇರಿ ದುಡಿದರು, ಅದಕ್ಕೆ ವಿಶೇಷ ಪರಿಣಾಮಗಳ ಆಸ್ಕರ್ ಬಂತು. ನಿಂತುಹೋಗಿದ್ದ ‘ಗ್ವಾಂಗಿ’ಯನ್ನು ಗುರು ಸತ್ತ ಮೇಲೆ, 1969ರಲ್ಲಿ, ತೆರೆಗೆ ತಂದವನೂ ಇವನೇ.

ಆಸ್ಕರ್ ಬಂದರೂ ಕೆಲಸ ಬರಲಿಲ್ಲ. 1957ರ ‘ದ ಬ್ಲ್ಯಾಕ್ ಸ್ಕಾರ್ಪಿಯನ್’ ಮುಗಿಯುವ ಹೊತ್ತಿಗೆ ಬಜೆಟ್ ಖಾಲಿ. ಕೆಲವು ಕಡೆ ಚೇಳಿನ ಬದಲು ಬರೀ ಕಪ್ಪು ನೆರಳು ಓಡುತ್ತದೆ. 1960ರಲ್ಲಿ ‘ದ ಲಾಸ್ಟ್ ವರ್ಲ್ಡ್’ ರಿಮೇಕ್ ಆಯಿತು. ಅವನನ್ನೂ ಸೇರಿಸಿಕೊಂಡರು. ಗೊಂಬೆ ಕುಣಿಸಲು ಸಮಯ, ದುಡ್ಡು ಎರಡೂ ಇಲ್ಲವೆಂದು ಜೀವಂತ ಹಲ್ಲಿಗಳಿಗೆ ಕೊಂಬು ಅಂಟಿಸಿ ಡೈನೊಸಾರ್ ಎಂದರು. ತನ್ನದೇ ಸಿನಿಮಾದ ರಿಮೇಕಿನಲ್ಲಿ ಹಲ್ಲಿ ಓಡಾಡುವುದನ್ನು ನೋಡುತ್ತ ಕೂತ ಎಪ್ಪತ್ತು ದಾಟಿದ ಆ ಮುದುಕ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಕಾಂಗ್ ಮತ್ತು ಫ್ರಾಂಕೆನ್‌ಸ್ಟೈನ್ ದೈತ್ಯನ ಜಟಾಪಟಿ ಅವನ ಕೊನೆಯ ಕನಸುಗಳಲ್ಲೊಂದು. ಚಿತ್ರ ಬಿಡಿಸಿ ಕಥೆ ಕಟ್ಟಿದ್ದ. ಆ ಕಥೆ ನಿರ್ಮಾಪಕನೊಬ್ಬನ ಕೈಸೇರಿ ಜಪಾನಿನ ಟೋಹೊ ಸಂಸ್ಥೆಗೆ ಹೋಯಿತು. ಫ್ರಾಂಕೆನ್‌ಸ್ಟೈನ್ ಜಾಗಕ್ಕೆ ಗಾಡ್ಜಿಲ್ಲಾ ಬಂತು, ಗೊಂಬೆಯ ಜಾಗಕ್ಕೆ ಗೊರಿಲ್ಲಾ ವೇಷದ ಮನುಷ್ಯ. ತಮಾಷೆ ನೋಡಿ, ಅದರ ಟ್ರಿಕ್ ದೃಶ್ಯಗಳನ್ನು ಮಾಡಿದ ಎಯ್ಜಿ ತ್ಸುಬುರಾಯಾ ಈ ಕಸುಬಿಗೆ ಮನಸೋತದ್ದೇ 1933ರ ಕಾಂಗ್ ನೋಡಿ. ಅಭಿಮಾನಿಯ ಕೈಯಲ್ಲೇ ಗುರುವಿನ ಕೊನೆಯ ಕನಸು ಬೇರೆ ರೂಪ ಪಡೆಯಿತು. 1962ರ ಆಗಸ್ಟಿನಲ್ಲಿ ಸಿನಿಮಾ ಜಪಾನಿನಲ್ಲಿ ಬಿಡುಗಡೆಯಾಯಿತು. ನವೆಂಬರ್ 8ರಂದು ಒಬ್ರಯನ್ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡ.

ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ಹುಡುಗನಾಗಿದ್ದಾಗ ಅಮ್ಮನ ಹಳೇ ತುಪ್ಪಳದ ಬಟ್ಟೆಯಿಂದ ಕಾಂಗ್ ಮಾಡಿ ಮನೆಯಲ್ಲೇ ರಿಮೇಕಿಗೆ ಹೊರಟಿದ್ದರು. 2005ರಲ್ಲಿ ಕೋಟಿಗಟ್ಟಲೆ ಖರ್ಚಿನ ನಿಜವಾದ ರಿಮೇಕ್ ಮಾಡಿದರು. ಅದೇ ವರ್ಷ, ಮೂಲ ಚಿತ್ರದಿಂದ ಕತ್ತರಿಸಿಹಾಕಿ ಕಳೆದುಹೋಗಿದ್ದ ಜೇಡರ ಕಮರಿಯ ದೃಶ್ಯವನ್ನು ಗೊಂಬೆ ಕುಣಿಸಿಯೇ, ಕಪ್ಪು ಬಿಳುಪಿನಲ್ಲೇ ತಮ್ಮ ತಂಡದೊಂದಿಗೆ ಮರುಸೃಷ್ಟಿಸಿದರು. ಆ ದೊಡ್ಡ ಸಿನಿಮಾಕ್ಕಿಂತ ಈ ಪುಟ್ಟ ತುಣುಕೇ ನನಗಿಷ್ಟ.

ನಮ್ಮ ಕಾಂಗ್ ಈಗ ಅಲ್ಮೇರಾ ಮೇಲಿದ್ದಾನೆ. ಸೋಮವಾರ ಕಂಪನಿಯೊಂದರ ಆನ್‌ಲೈನ್ ಟೆಸ್ಟ್ ಇದೆ, ಅಪ್ಪ ದಿನಕ್ಕೆರಡು ಸಲ ಫೋನ್ ಮಾಡಿ ಓದಿದೆಯಾ ಅಂತ ಕೇಳುತ್ತಿದ್ದಾರೆ. ನಾಲ್ಕನೇ ಸೆಕೆಂಡಿನಲ್ಲಿ ಕಾಂಗ್ ಎದೆಯ ಮೇಲೆ ನನ್ನ ಹೆಬ್ಬೆರಳ ಗುರುತು ಅಚ್ಚಾಗಿ ಕಾಣುತ್ತದೆ. ಅದನ್ನು ಮತ್ತೆ ತೆಗೆಯೋಣ ಅಂತ ರೂಮ್‌ಮೇಟ್ ಹಟ ಹಿಡಿದಿದ್ದಾನೆ, ನಾನು ಬೇಡ ಅಂದಿದ್ದೇನೆ. ಟೆಸ್ಟ್ ಮುಗಿದ ರಾತ್ರಿ ಹನ್ನೆರಡನೇ ಸೆಕೆಂಡಿನಿಂದ ಶುರು. ಫ್ಯಾನ್ ಆಫ್ ಮಾಡಿ.