ಲೆಕ್ಕ ತಪ್ಪಿದರೂ ನಿಲ್ಲದ ಜ್ಞಾನಚಂದ್ರ ಘೋಷ್

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಯವರಿಗೆ ತಾಮ್ರ ಅಂದ್ರೆ ಮೊದಲು ನೆನಪಾಗೋದು ಮೈಲುತುತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಸುಣ್ಣದ ಜೊತೆ ಸೇರಿಸಿ ಬಿಡುವ ಆ ಮದ್ದು ತಾಮ್ರದ ಲವಣ. ಅದೇ ತಾಮ್ರಕ್ಕೆ ಈಗ ಲ್ಯಾಬಿನಲ್ಲಿ ಇನ್ನೊಂದು ಕೆಲಸ ಇದೆ: ಕರೆಂಟ್ ಕೊಟ್ಟು ಕಾರ್ಬನ್ ಡೈಆಕ್ಸೈಡನ್ನು ಎಥಿಲೀನ್, ಎಥನಾಲ್ ಮಾಡುವುದು. ಇದಕ್ಕೆ ಎಲೆಕ್ಟ್ರೊಲೈಟೂ ಗೊತ್ತಿರಬೇಕು, ಕ್ಯಾಟಲಿಸ್ಟೂ ಗೊತ್ತಿರಬೇಕು. ಎರಡರಲ್ಲೂ ದುಡಿದವರೊಬ್ಬರು ಹಿಂದೆ ನಮ್ಮ ಬೆಂಗಳೂರಿನಲ್ಲಿದ್ದರು.

ಜ್ಞಾನಚಂದ್ರ ಘೋಷ್ ಹುಟ್ಟಿದ್ದು 1894ರಲ್ಲಿ, ಬಂಗಾಳದ ಕಡೆಯ ಪುರುಲಿಯಾದಲ್ಲಿ. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಗುರು. ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಸಹಪಾಠಿಗಳು. ಉಪ್ಪಿನಂಥ ವಸ್ತು ನೀರಿನಲ್ಲಿ ಪೂರ್ತಿ ಅಯಾನುಗಳಾಗಿ ಒಡೆಯುತ್ತದೆ, ಆ ಅಯಾನುಗಳು ಹರಳಿನಲ್ಲಿದ್ದ ಹಾಗೇ ಜೋಡಣೆಯಾಗಿರುತ್ತವೆ ಅಂತ 1918ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಯುರೋಪಿನ ದೊಡ್ಡ ವಿಜ್ಞಾನಿಗಳೂ ತಿರುಗಿ ನೋಡಿದರು.

ಐದೇ ವರ್ಷ. 1923ರಲ್ಲಿ ಡಿಬೈ ಮತ್ತು ಹುಕೆಲ್ ಬೇರೆ ಲೆಕ್ಕ ಕೊಟ್ಟರು. ಅಯಾನುಗಳು ಸಾಲಾಗಿ ನಿಲ್ಲುವುದಿಲ್ಲ, ಓಡಾಡುತ್ತಲೇ ಇರುತ್ತವೆ. ಒಂದರ ಸುತ್ತ ವಿರುದ್ಧ ಚಾರ್ಜಿನವು ಸ್ವಲ್ಪ ಹೆಚ್ಚು ಸೇರಿರುತ್ತವೆ ಅಷ್ಟೇ. ಪೂರ್ತಿ ಒಡೆಯುತ್ತದೆ ಅನ್ನುವ ಮಾತು ಉಳಿಯಿತು, ಹರಳಿನ ಜೋಡಣೆ ಬಿದ್ದುಹೋಯಿತು. ನಮ್ಮ ಪಠ್ಯದಲ್ಲಿ ಈಗ ಇರುವುದು ಆ ಇಬ್ಬರ ಹೆಸರು.

ಘೋಷ್ ಅಲ್ಲಿಗೇ ಕೂತುಬಿಡಲಿಲ್ಲ. ಢಾಕಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ವಿಭಾಗ ಕಟ್ಟಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಅಲ್ಲಿ ಏರೋನಾಟಿಕಲ್ ವಿಭಾಗ ಶುರುವಾದದ್ದು ಅವರ ಕಾಲದಲ್ಲೇ, 1942ರಲ್ಲಿ. ಫಿಷರ್-ಟ್ರಾಪ್ಶ್ ಕ್ರಿಯೆಯ ಬಗ್ಗೆಯೂ ಸಂಶೋಧನೆ ಮಾಡಿದರು. ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲಗಳನ್ನು ಬಿಸಿ ಕ್ಯಾಟಲಿಸ್ಟಿನ ಮೇಲೆ ಹಾಯಿಸಿ ಇಂಧನ ಮಾಡುವ ದಾರಿ ಅದು. ಮುಂದೆ ಖರಗ್‌ಪುರ ಐಐಟಿಯ ಮೊದಲ ನಿರ್ದೇಶಕರೂ ಅವರೇ. 1959ರಲ್ಲಿ ತೀರಿಕೊಂಡರು.

1985ರಲ್ಲಿ ಜಪಾನಿನ ಯೋಶಿಯೊ ಹೋರಿ ಮತ್ತು ಸಂಗಡಿಗರು ತಾಮ್ರದ ಎಲೆಕ್ಟ್ರೋಡಿನಲ್ಲಿ ಕಾರ್ಬನ್ ಡೈಆಕ್ಸೈಡಿನಿಂದ ಮೀಥೇನ್ ಬರುವುದನ್ನು ತೋರಿಸಿದರು. ಇಲ್ಲೂ ಮಧ್ಯದಲ್ಲಿ ಹುಟ್ಟುವುದು ಅದೇ ಮೊನಾಕ್ಸೈಡ್. ತಾಮ್ರ ಅದನ್ನು ತೀರಾ ಗಟ್ಟಿಯಾಗಿ ಹಿಡಿಯುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ಗುಟ್ಟು ಇರುವುದು ಅಲ್ಲೇ. ಆದರೆ ಹತ್ತಾರು ಪದಾರ್ಥಗಳು ಒಟ್ಟಿಗೆ ಬರುತ್ತವೆ, ಹೈಡ್ರೋಜನ್ ಕೂಡ ಹೊರಡುತ್ತದೆ. ನಮಗೆ ಬೇಕಾದ್ದೊಂದೇ ಬರುವ ಹಾಗೆ ಮಾಡುವುದು ಇನ್ನೂ ಬಾಕಿ ಇರುವ ಕೆಲಸ.

ಹಾಗಾಗಿ ಮಾರಾಯ್ರೇ, ರೀಡಿಂಗು ಗ್ರಾಫಿನಲ್ಲಿ ಕೂರಲಿಲ್ಲ ಅಂತ ರೆಕಾರ್ಡ್ ಮುಚ್ಚಿಡುವ ಮೊದಲು ಒಮ್ಮೆ ಘೋಷರನ್ನು ನೆನಪಿಸಿಕೊಳ್ಳಿ.