ಎರಡು ನೊಬೆಲ್ ಗೆದ್ದವರು ಹೇಳಿದರೆ ಕಣ್ಣು ಮುಚ್ಚಿ ನಂಬಬಹುದೇ?

ನೊಬೆಲ್ ಪಡೆದ ವಿಜ್ಞಾನಿಯೇ ಹೇಳಿದ್ದಾರೆ, ಎಲ್ಲರಿಗೂ ಕಳುಹಿಸಿ ಎಂಬ ಆರೋಗ್ಯ ಸಲಹೆಗಳು ನಮ್ಮೆಲ್ಲರ ಮೊಬೈಲಿಗೂ ಬರುತ್ತವೆ. ಕೆಲವು ಸಲ ಆ ವಿಜ್ಞಾನಿ ಅಂಥ ಮಾತನ್ನೇ ಆಡಿರುವುದಿಲ್ಲ. ಆದರೆ ಹೆಸರೂ ನಿಜ, ಮಾತೂ ನಿಜ ಎಂದಾದರೆ ಏನು ಮಾಡಬೇಕು? ಇದನ್ನು ತಿಳಿಯಲು ಲೈನಸ್ ಪೌಲಿಂಗ್ ಅವರ ಬದುಕನ್ನು ನೋಡೋಣ.

ಪೌಲಿಂಗ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಔಷಧ ಅಂಗಡಿ ನಡೆಸುತ್ತಿದ್ದ ತಂದೆ ತೀರಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಬಡತನದಲ್ಲೇ ಓದಿ 1925ರಲ್ಲಿ ಕ್ಯಾಲ್‌ಟೆಕ್‌ನಿಂದ ಡಾಕ್ಟರೇಟ್ ಪಡೆದರು. ಪರಮಾಣುಗಳು ಒಂದಕ್ಕೊಂದು ಹೇಗೆ ಬೆಸೆದುಕೊಳ್ಳುತ್ತವೆ ಎಂಬುದನ್ನು ವಿವರಿಸಿದ ಅವರ ಕೆಲಸಕ್ಕೆ 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಣ್ವಸ್ತ್ರ ಪರೀಕ್ಷೆಗಳ ವಿರುದ್ಧ ಹೋರಾಡಿದ್ದಕ್ಕೆ 1962ರ ಶಾಂತಿ ನೊಬೆಲ್ ಕೂಡ ಅವರದಾಯಿತು. ಬೇರೆಯವರೊಂದಿಗೆ ಹಂಚಿಕೊಳ್ಳದೆ ಎರಡು ನೊಬೆಲ್ ಪಡೆದವರು ಇಂದಿಗೂ ಅವರೊಬ್ಬರೇ.

ಕುಡಗೋಲು ಕಣ ರಕ್ತಹೀನತೆಗೆ ಹಿಮೋಗ್ಲೋಬಿನ್ ಅಣುವಿನಲ್ಲಿರುವ ದೋಷವೇ ಕಾರಣ ಎಂದು 1949ರಲ್ಲಿ ತೋರಿಸಿಕೊಟ್ಟವರೂ ಅವರ ತಂಡದವರೇ. ರೋಗಿಗಳ ಮತ್ತು ಆರೋಗ್ಯವಂತರ ಹಿಮೋಗ್ಲೋಬಿನ್ ಅನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟಾಗ ಎರಡೂ ಬೇರೆ ಬೇರೆಯಾಗಿ ಚಲಿಸಿದವು. ಯಾರು ಬೇಕಾದರೂ ಮಾಡಿ ನೋಡಬಹುದಾದ ಪ್ರಯೋಗವಿದು.

ಒಂದು ಪತ್ರದಿಂದ ಶುರುವಾಯಿತು

1966ರಲ್ಲಿ ಅರ್ವಿನ್ ಸ್ಟೋನ್ ಎಂಬ ರಸಾಯನ ತಜ್ಞರು ಪೌಲಿಂಗ್‌ಗೆ ಪತ್ರ ಬರೆದು, ದಿನಕ್ಕೆ 3 ಗ್ರಾಂ ವಿಟಮಿನ್ ಸಿ ಸೇವಿಸುವಂತೆ ಸೂಚಿಸಿದರು. ನಮ್ಮ ಐಸಿಎಂಆರ್ ಇಂದು ವಯಸ್ಕ ಪುರುಷರಿಗೆ ಹೇಳುವ ಪ್ರಮಾಣ ದಿನಕ್ಕೆ 80 ಮಿಲಿಗ್ರಾಂ. ಒಂದು ಸೀಬೆಹಣ್ಣಿನಲ್ಲೇ ಅದು ಸಿಕ್ಕಿಬಿಡುತ್ತದೆ. ಸ್ಟೋನ್ ಹೇಳಿದ್ದು ಅದರ 35 ಪಟ್ಟಿಗೂ ಹೆಚ್ಚು.

ಪೌಲಿಂಗ್ ಮತ್ತು ಪತ್ನಿ ಏವಾ ಹೆಲೆನ್ ಅದನ್ನು ಸೇವಿಸತೊಡಗಿದರು. ಶೀತ ಕಡಿಮೆಯಾಯಿತು ಎಂದು ಅವರಿಗೆ ಅನ್ನಿಸಿತು. 1970ರಲ್ಲಿ ಈ ಬಗ್ಗೆ ಪೌಲಿಂಗ್ ಬರೆದ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು, ವಿಟಮಿನ್ ಸಿ ಮಾತ್ರೆಗೆ ಜನ ಮುಗಿಬಿದ್ದರು. ಮುಂದೆ ಅವರು ಸ್ವತಃ ದಿನಕ್ಕೆ 18 ಗ್ರಾಂವರೆಗೂ ಸೇವಿಸಿದರು.

1976ರಲ್ಲಿ ವಿಷಯ ಕ್ಯಾನ್ಸರ್‌ಗೆ ಬಂತು. ಸ್ಕಾಟ್‌ಲ್ಯಾಂಡ್‌ನ ವೈದ್ಯ ಇವಾನ್ ಕ್ಯಾಮರಾನ್ ಜೊತೆ ಸೇರಿ, ವಿಟಮಿನ್ ಸಿ ಪಡೆದ 100 ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಲ ಬದುಕಿದರು ಎಂದು ಪೌಲಿಂಗ್ ಪ್ರಕಟಿಸಿದರು. ಹೋಲಿಕೆಗೆ ಬಳಸಿದ್ದು 1000 ಹಳೆಯ ರೋಗಿಗಳ ಆಸ್ಪತ್ರೆ ದಾಖಲೆ. ತೊಡಕು ಇದ್ದದ್ದು ಇಲ್ಲೇ. ಎರಡೂ ಗುಂಪಿನವರ ಕಾಯಿಲೆ ಒಂದೇ ಹಂತದಲ್ಲಿತ್ತು ಎನ್ನುವುದಕ್ಕೆ ಖಾತ್ರಿ ಇರಲಿಲ್ಲ.

ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು ಇದನ್ನು ಸರಿಯಾಗಿ ಪರೀಕ್ಷಿಸಿದರು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 10 ಗ್ರಾಂ ವಿಟಮಿನ್ ಸಿ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿದೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. 1979ರ ಫಲಿತಾಂಶದಲ್ಲಿ ಯಾವ ಲಾಭವೂ ಕಾಣಲಿಲ್ಲ. ಆ ರೋಗಿಗಳಲ್ಲಿ ಹೆಚ್ಚಿನವರು ಮೊದಲೇ ಕೀಮೋಥೆರಪಿ ಪಡೆದಿದ್ದರು ಎಂದು ಪೌಲಿಂಗ್ ಆಕ್ಷೇಪಿಸಿದರು. ಕೀಮೋ ಪಡೆಯದ ರೋಗಿಗಳನ್ನೇ ಆರಿಸಿ ಮತ್ತೆ ಪರೀಕ್ಷಿಸಿದಾಗಲೂ, 1985ರಲ್ಲಿ ಬಂದ ಉತ್ತರ ಅದೇ. ಪೌಲಿಂಗ್ ಅದನ್ನೂ ಒಪ್ಪಲಿಲ್ಲ.

ಏವಾ ಹೆಲೆನ್ 1981ರಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಪೌಲಿಂಗ್ 1994ರಲ್ಲಿ, 93ನೇ ವಯಸ್ಸಿನಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ನಿಧನರಾದರು. ಇದರಿಂದ ವಿಟಮಿನ್ ಸಿ ಕೆಲಸ ಮಾಡುವುದಿಲ್ಲ ಎಂದು ಹೇಳಲಾಗದು, 93 ವರ್ಷ ಬದುಕಿದ್ದರಿಂದ ಕೆಲಸ ಮಾಡುತ್ತದೆ ಎಂದೂ ಹೇಳಲಾಗದು. ಒಬ್ಬಿಬ್ಬರ ಅನುಭವ ಎರಡು ಕಡೆಗೂ ಪುರಾವೆಯಲ್ಲ.

ಹಾಗಾದರೆ ಸತ್ಯವೇನು?

ಅನೇಕ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ತಿಳಿದದ್ದಿಷ್ಟು: ದಿನವೂ ವಿಟಮಿನ್ ಸಿ ಮಾತ್ರೆ ನುಂಗಿದರೂ ಸಾಮಾನ್ಯ ಜನರಲ್ಲಿ ಶೀತ ಬರುವುದು ತಪ್ಪುವುದಿಲ್ಲ. ಶೀತದ ಅವಧಿ ದೊಡ್ಡವರಲ್ಲಿ ಸುಮಾರು ಶೇ. 8ರಷ್ಟು ಕಡಿಮೆಯಾಗಬಹುದು. ದಿನಕ್ಕೆ 2 ಗ್ರಾಂ ಮೀರಿದರೆ ಭೇದಿಯಾಗಬಹುದು, ಕೆಲವರಿಗೆ ಮೂತ್ರಪಿಂಡದ ಕಲ್ಲಿನ ಅಪಾಯವೂ ಹೆಚ್ಚು.

ಕುಡಗೋಲು ಕಣದ ವಿಷಯದಲ್ಲಿ ಗೆದ್ದವರೂ, ವಿಟಮಿನ್ ಸಿ ವಿಷಯದಲ್ಲಿ ಎಡವಿದವರೂ ಒಬ್ಬರೇ ಪೌಲಿಂಗ್. ಮೊದಲನೆಯದಕ್ಕೆ ಗಟ್ಟಿ ಪುರಾವೆ ಇತ್ತು, ಎರಡನೆಯದಕ್ಕೆ ಇರಲಿಲ್ಲ. ಆದ್ದರಿಂದ ಆರೋಗ್ಯದ ಸಂದೇಶ ಬಂದಾಗ ಹೇಳಿದವರು ಯಾರು ಎಂಬಲ್ಲಿಗೇ ನಿಲ್ಲಬೇಡಿ. ಅದು ಅವರ ಕ್ಷೇತ್ರವೇ? ಹೋಲಿಕೆ ಮಾಡಿ ಪರೀಕ್ಷಿಸಿದ್ದಾರೆಯೇ? ಬೇರೆಯವರು ಪರೀಕ್ಷಿಸಿದಾಗಲೂ ಅದೇ ಉತ್ತರ ಬಂತೇ? ಇವಕ್ಕೆ ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ. ಆ ಸಂದೇಶ ಕ್ಯಾನ್ಸರ್‌ನಂಥ ಕಾಯಿಲೆಯದ್ದಾದರೆ ಇನ್ನೂ ಎಚ್ಚರ ಬೇಕು. ಅದನ್ನು ನಂಬಿ ಯಾರಾದರೂ ನಡೆಯುತ್ತಿರುವ ಚಿಕಿತ್ಸೆಯನ್ನೇ ನಿಲ್ಲಿಸಿಬಿಡಬಹುದು.