ಮೀನಿನ ಗೂಡು ನೋಡಿದ ಮೇಷ್ಟ್ರು



ಹೋದ ಮಳೆಗಾಲ ನಾನು ಗದ್ದೆಯಿಂದ ಹತ್ತುಮೀನು ಹಿಡಿದು ತಂದೆ. ಅಮ್ಮ ಕೊಯ್ದರೆ ಹೊಟ್ಟೆ ತುಂಬಾ ಮೊಟ್ಟೆ! ಮೀನಿಗೆ ಮೊಟ್ಟೆ ಇಡೋ ಕಾಲ ಹೇಗೆ ಗೊತ್ತಾಗತ್ತೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ನಿಕೋ ಟಿನ್‌ಬರ್ಗನ್ ಎಂಬ ವಿಜ್ಞಾನಿಯ ಕಥೆ ಹೇಳಿದರು. ಅದನ್ನೇ ನಿಮಗೂ ತಿಳಿಸುತ್ತೇನೆ.

ಟಿನ್‌ಬರ್ಗನ್ ಹುಟ್ಟಿದ್ದು 1907ರ ಏಪ್ರಿಲ್ 15ರಂದು, ಹಾಲೆಂಡ್ ದೇಶದ ಹೇಗ್ ಪಟ್ಟಣದಲ್ಲಿ. ತಂದೆ ಶಾಲಾ ಮೇಷ್ಟ್ರು. ಐದು ಮಕ್ಕಳಲ್ಲಿ ಇವರು ಮೂರನೆಯವರು. ಮನೆಯ ಹಿತ್ತಲಲ್ಲಿ ತೊಟ್ಟಿ ಇಟ್ಟು ಮೀನು ಸಾಕುತ್ತಿದ್ದರು. ಪಾಠಕ್ಕಿಂತ ಹಾಕಿ ಆಟ, ಕಡಲ ಹಕ್ಕಿ ಅಂದ್ರೆ ಪ್ರಾಣ. ಆದರೂ ಮುಂದೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲೇ ಪಾಠ ಹೇಳುವವರಾದರು.

ಅಲ್ಲಿಯೂ ಮೀನನ್ನು ಬಿಡಲಿಲ್ಲ. ಸ್ಟಿಕಲ್‌ಬ್ಯಾಕ್ ಎಂಬುದು ಬೆರಳುದ್ದದ ಮೀನು, ಬೆನ್ನ ಮೇಲೆ ಮೂರು ಮುಳ್ಳು. ಚಳಿ ಕಳೆದು ಹಗಲು ಉದ್ದವಾದಂತೆ ಇವು ಕಡಲು, ಅಳಿವೆಗಳಿಂದ ಆಳವಿಲ್ಲದ ನೀರಿಗೆ ಬರುತ್ತವೆ. ಗಂಡಿನ ಹೊಟ್ಟೆ ಕೆಂಪಾಗುತ್ತದೆ. ಅದು ನೀರಿನ ಎಳೆಗಳನ್ನು ತನ್ನ ಮೈಯ ಅಂಟಿನಿಂದಲೇ ಅಂಟಿಸಿ ಗೂಡು ಕಟ್ಟುತ್ತದೆ. ಆಮೇಲೆ ಅಂಕುಡೊಂಕಾಗಿ ಕುಣಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೋಗಿಬಿಡುತ್ತದೆ! ರೆಕ್ಕೆ ಬೀಸಿ ಮೊಟ್ಟೆಗೆ ಹೊಸ ನೀರು ಹಾಯಿಸುವುದು, ಮರಿಗಳನ್ನು ಕಾಯುವುದು ಎಲ್ಲಾ ಅಪ್ಪನದೇ ಕೆಲಸ.

ಟಿನ್‌ಬರ್ಗನ್ ಮೀನಿನ ಬೊಂಬೆಗಳನ್ನು ಮಾಡಿ ತೊಟ್ಟಿಗೆ ಇಳಿಸಿದರು. ಮೀನಿನಂತೆಯೇ ಇದ್ದ ಬೊಂಬೆಗೆ ಕೆಂಪು ಇಲ್ಲದಿದ್ದರೆ ಗಂಡುಮೀನು ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ. ಸೊಟ್ಟಪಟ್ಟ ಬೊಂಬೆಯಾದರೂ ಕೆಳಗೆ ಕೆಂಪು ಇದ್ದರೆ ಹಾರಿ ಬೀಳುತ್ತಿತ್ತು. ಕಿಟಕಿಯಾಚೆ ಕೆಂಪು ಟಪಾಲು ಗಾಡಿ ಹೋದರೂ ಸಿಟ್ಟೇ!

1940ರಲ್ಲಿ ಜರ್ಮನಿಯ ಸೈನ್ಯ ಹಾಲೆಂಡನ್ನು ಹಿಡಿಯಿತು. ಯೆಹೂದಿ ಅಧ್ಯಾಪಕರನ್ನು ಕೆಲಸದಿಂದ ತೆಗೆದರು. ಸುಮ್ಮನಿದ್ದಿದ್ದರೆ ಟಿನ್‌ಬರ್ಗನ್ನರ ಕೆಲಸ ಉಳಿಯುತ್ತಿತ್ತು. ಅವರು ಸುಮ್ಮನಿರಲಿಲ್ಲ, ಜೊತೆಯವರೊಂದಿಗೆ ವಿರೋಧಿಸಿದರು. 1942ರಲ್ಲಿ ಅವರನ್ನು ಒತ್ತೆಯಾಳಾಗಿ ಶಿಬಿರದಲ್ಲಿಟ್ಟರು. ಒತ್ತೆಯಾಳುಗಳಲ್ಲಿ ಕೆಲವರನ್ನು ಗುಂಡಿಟ್ಟು ಕೊಂದದ್ದೂ ಉಂಟು. ಅಂಥಾ ಜಾಗದಲ್ಲಿ ಎರಡು ವರ್ಷ ಇದ್ದರು. ಅಲ್ಲಿ ಕೂತು ತಮ್ಮ ಮಕ್ಕಳಿಗೆ ಪ್ರಾಣಿಗಳ ಚಿತ್ರಕಥೆ ಬರೆದರು.

1949ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದರು. 1973ರಲ್ಲಿ ಲೊರೆಂಜ್, ಫಾನ್ ಫ್ರಿಶ್ ಅವರೊಂದಿಗೆ ನೊಬೆಲ್ ಬಹುಮಾನ ಬಂತು. ಅಣ್ಣ ಯಾನ್‌ಗೆ 1969ರಲ್ಲೇ ಅರ್ಥಶಾಸ್ತ್ರದ ನೊಬೆಲ್ ಬಂದಿತ್ತು. ಒಂದೇ ಮನೆಗೆ ಎರಡು! 1988ರಲ್ಲಿ ಟಿನ್‌ಬರ್ಗನ್ ತೀರಿಕೊಂಡರು.

ಆ ಮೀನಿಗೆ ಉದ್ದದ ಹಗಲೇ ಗಡಿಯಾರ. ನಮ್ಮ ಹತ್ತುಮೀನಿಗೆ ಹೊಸ ಮಳೆಯ ನೀರೇ ಗಡಿಯಾರ ಅಂತ ಮೇಷ್ಟ್ರು ಹೇಳಿದರು. ಅಂದ್ರೆ ನಾನು ಹಿಡಿದದ್ದು ಮೊಟ್ಟೆ ಇಡಲು ಹೊರಟಿದ್ದ ತಾಯಿಯನ್ನು. ಈ ಮಳೆಗಾಲ ನಾನು ಗದ್ದೆಯ ಬದುವಿನ ಮೇಲೆ ಕೂತು ಬರೀ ನೋಡುತ್ತೇನೆ. ಬರುವವರು ಬನ್ನಿ, ಗಲಾಟೆ ಮಾಡಬಾರದು ಅಷ್ಟೇ.